ಹಾಡಿಗೆ ಮೊದಲಿನ ಉಸಿರು

ಸಿಡಿಲು ಬಡಿದು ಬದುಕಿದವನ ಮನೆ ಯಾವುದು ಎಂದು ಕೇಳಿಕೊಂಡು ಅಶೋಕಪುರಂನ ನಮ್ಮ ಬೀದಿಗೆ ಜನ ಬರತೊಡಗಿದ್ದು ಹೋದ ವರ್ಷದ ಹಿಂದಿನ ಬೇಸಿಗೆಯಲ್ಲಿ. ಬಂದವರು ಹೂವು, ಬಾಳೆಹಣ್ಣು ತಂದರು. ಒಬ್ಬಾಕೆ ಜ್ವರದಿಂದ ನರಳುತ್ತಿದ್ದ ಮಗುವನ್ನು ಎತ್ತಿಕೊಂಡು ಬಂದು, ಅವನು ಒಂದು ಸಲ ಮುಟ್ಟಿದರೆ ಸಾಕು ಎಂದು ಹೊಸಿಲಲ್ಲೇ ಕೂತುಬಿಟ್ಟಳು. ಅವರೆಲ್ಲ ಹುಡುಕುತ್ತಿದ್ದ ಗೌತಮ್ ಅಷ್ಟರಲ್ಲಿ ಹಿತ್ತಲ ಬಾಗಿಲಿಂದ ಹೊರಬಿದ್ದು, ಪಕ್ಕದ ಸಂದಿಯಲ್ಲಿರುವ ನಮ್ಮ ಮನೆಯ ಮಹಡಿ ಮೆಟ್ಟಿಲ ಮೇಲೆ ಎಡಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ಕೂತಿರುತ್ತಿದ್ದ. ಅವನನ್ನು ನಾನು ಅಂಗಿ ಚಡ್ಡಿಯ ಕಾಲದಿಂದ ಬಲ್ಲೆ. ಮುಂದೆ ಹೇಳುವುದರಲ್ಲಿ ಹೆಚ್ಚಿನದು ಅವನು ಆ ಮೆಟ್ಟಿಲ ಮೇಲೆ ಕೂತು ಹೇಳಿದ್ದು. ಉಳಿದದ್ದು ನಾನೇ ಕಂಡದ್ದು.

ಗೌತಮನ ಮನೆಯಲ್ಲಿ ದೇವರ ವಿಚಾರ ಮೊದಲಿಂದಲೂ ಎರಡು ಪಾಲು. ಅಪ್ಪ ಸಣ್ಣಮಾದಯ್ಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು, ಹರೆಯದಲ್ಲೇ ಬೌದ್ಧ ದೀಕ್ಷೆ ತೆಗೆದುಕೊಂಡವರು. ಅವರ ನಡುಮನೆಯ ಗೋಡೆಯ ಮೇಲೆ ಬುದ್ಧ ಮತ್ತು ಅಂಬೇಡ್ಕರ್ ಇಬ್ಬರೇ. ಅಡುಗೆಮನೆಯ ಪಕ್ಕದ ಸಣ್ಣ ಕೋಣೆ ಮಾತ್ರ ಅಜ್ಜಿ ಚಲುವಮ್ಮನದು. ಅಲ್ಲಿ ಸಿದ್ದಪ್ಪಾಜಿಯ ಪಟ, ಬೂದಿಯ ಬಟ್ಟಲು, ಮೂಲೆಯಲ್ಲಿ ಹಳೇ ಮಹಾರಾಜರ ಮಾಸಿದ ಫೋಟೋ. ಅಜ್ಜಿಯ ತಲೆಯಲ್ಲಿ ಜಡೆ ಇತ್ತು. ಹೆಣೆದ ಜಡೆಯಲ್ಲ, ಯಾವುದೋ ಕಾಲದಲ್ಲಿ ದೊಡ್ಡ ಕಾಯಿಲೆಯಿಂದ ಎದ್ದಾಗ ತಾನಾಗಿ ಗಂಟುಗಟ್ಟಿ ಇಳಿದದ್ದು. ದೇವರು ಕೊಟ್ಟದ್ದೆಂದು ಅದಕ್ಕೆ ಕತ್ತರಿ ತಾಗಿಸದೆ, ಅರಿಸಿನ ಹಚ್ಚಿ, ಸುತ್ತಿ ಸೆರಗಿನೊಳಗೆ ಇಟ್ಟುಕೊಂಡಿರುತ್ತಿದ್ದಳು. ಮಗ ತಾಯಿಯ ಕೋಣೆಯ ತಂಟೆಗೆ ಹೋಗುತ್ತಿರಲಿಲ್ಲ, ತಾಯಿ ಮಗನ ಗೋಡೆಯ ತಂಟೆಗೆ ಹೋಗುತ್ತಿರಲಿಲ್ಲ. ಹೆತ್ತವಳನ್ನು ಬೇಗ ಕಳೆದುಕೊಂಡ ಗೌತಮ್ ಈ ಎರಡರ ನಡುವೆ ಓಡಾಡಿಕೊಂಡು ಬೆಳೆದ. ಎರಡನ್ನೂ ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ.

ಅವನ ತಲೆಗೆ ಹತ್ತಿದ್ದು ಮೈಕ್‌ಸೆಟ್ಟು. ವಿದ್ಯಾರಣ್ಯಪುರಂನಲ್ಲಿ ಚೆಲುವರಾಜು ಎಂಬವರ ಸೌಂಡ್ಸ್ ಅಂಗಡಿ ಇದೆ. ಮದುವೆ, ಗಣಪತಿ, ರಾಜಕೀಯ ಸಭೆ ಎಲ್ಲಕ್ಕೂ ಅಲ್ಲಿಂದಲೇ ಸ್ಪೀಕರ್ ಹೋಗುತ್ತದೆ. ಗೌತಮ್ ಡಿಪ್ಲೊಮಾ ಮುಗಿಸಿ ಅಲ್ಲಿಗೆ ಸೇರಿಕೊಂಡ. ಆಗ ನಮ್ಮ ಮಹಡಿಯ ಕೋಣೆಯಲ್ಲಿ ಇಥಿಯೋಪಿಯಾದ ವಿದ್ಯಾರ್ಥಿಯೊಬ್ಬ ಬಾಡಿಗೆಗಿದ್ದ, ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆಗೆಂದು ಬಂದವನು. ಅವನ ಸ್ಪೀಕರ್ ಕೆಟ್ಟಾಗ ಗೌತಮ್ ಸರಿಮಾಡಿಕೊಟ್ಟ. ಅದಕ್ಕೆ ಪ್ರತಿಯಾಗಿ ಅವನು ಒಂದು ಪೆನ್‌ಡ್ರೈವ್ ತುಂಬ ಹಾಡು ಕೊಟ್ಟ. ಜಮೈಕಾದ ರೆಗ್ಗೆ ಹಾಡುಗಳು.

ಗೌತಮನಿಗೆ ಮೊದಲು ಹಿಡಿಸಿದ್ದು ಅದರ ಬೇಸ್. ಬೇರೆ ಹಾಡುಗಳಲ್ಲಿ ಅಡಿಯಲ್ಲೆಲ್ಲೋ ಇರುವ ಆ ಗುಡುಗುಡು ಸ್ವರ ಇಲ್ಲಿ ಮುಂದೆ ಬಂದು ನಿಂತಿತ್ತು. ತಾಳದ ಪೆಟ್ಟು ಬೀಳಬೇಕಾದ ಕಡೆ ಬೀಳದೆ ಪಕ್ಕಕ್ಕೆ ಸರಿದು ಬೀಳುತ್ತಿತ್ತು. ಕೇಳುವವನ ಮೈ ಆ ಖಾಲಿ ಜಾಗಕ್ಕೆ ವಾಲುತ್ತಿತ್ತು. ಹಾಡುಗಳ ಅರ್ಥವನ್ನು ವಿದ್ಯಾರ್ಥಿಯೇ ಹೇಳಿದ. ಆಫ್ರಿಕಾದಿಂದ ಹಿಡಿದು ಮಾರಿದ ಜನರ ಮೊಮ್ಮಕ್ಕಳು ಕಟ್ಟಿದ ಹಾಡು, ಅವರಲ್ಲಿ ರಾಸ್ತಾ ಎಂಬ ಪಂಥ, ದೇವರನ್ನು ‘ಜಾ’ ಎನ್ನುತ್ತಾರೆ, ಕೂದಲು ಕತ್ತರಿಸುವುದಿಲ್ಲ, ಮಾಂಸ ತಿನ್ನುವುದಿಲ್ಲ, ಶತ್ರುಗಳ ನಡುವೆಯೂ ಜಾ ನಮ್ಮನ್ನು ಕಾಯುತ್ತಾನೆಂದು ಹಾಡುತ್ತಾರೆ, ನಮ್ಮ ಇಥಿಯೋಪಿಯಾದ ಹಳೆಯ ದೊರೆಯೇ ಆ ದೇವರು ಎಂದು ನಂಬುತ್ತಾರೆ. ಕೊನೆಯ ಮಾತು ಹೇಳುವಾಗ ಅವನು ನಕ್ಕ. ತನ್ನ ತಾತನಿಗೆ ಇದನ್ನು ಹೇಳಿದ್ದರೆ ಬೈದು ಓಡಿಸುತ್ತಿದ್ದ ಎಂದ.

ಅಜ್ಜಿ ಚಲುವಮ್ಮ ಮಾತ್ರ ನಗಲಿಲ್ಲ. "ಅದ್ರಲ್ಲೇನದೆ? ನಮ್ಮತ್ತೆ ಮಾರಾಜ್ರು ಪಟಕ್ಕೆ ದಿನಾ ದೀಪ ಅಚ್ಚೋರು. ದೊರೆ ಅಂದ್ರೆ ದೇವ್ರೇ ಅನ್ನೋ ಕಾಲ. ಅವರೂ ಅಂಗೇ ಇರ್ಬೇಕು, ಬುಡು," ಎಂದಳು.

ಸಣ್ಣಮಾದಯ್ಯನವರು ಹಾಡು ಕೇಳಿದರು. ಮಾರಾಟವಾದ ಜನರ ಸಂಕಟ ಅವರಿಗೆ ಚೆನ್ನಾಗಿ ನಾಟಿತು. ಕಾಯುವ ದೇವರ ಮಾತು ನಾಟಲಿಲ್ಲ. "ಬುದ್ಧ ಯಾರನ್ನೂ ನಾನು ಕಾಯ್ತೀನಿ ಅಂತ ಹೇಳ್ಲಿಲ್ಲ ಕಣೋ," ಎಂದು ಪೇಪರು ಕೈಗೆ ತೆಗೆದುಕೊಂಡರು.

ಕಾಯುವ ದೇವರ ಮಾತನ್ನು ನಿಜಕ್ಕೂ ನಂಬಿದವನು ಸ್ವರೂಪ್.

ಸ್ವರೂಪನ ಮನೆ ಶ್ರೀರಾಂಪುರದಲ್ಲಿ. ವರುಣದ ಕಡೆಯ ಹಳ್ಳಿಯ ಒಕ್ಕಲು ಕುಟುಂಬ; ಅಪ್ಪ ಶಿವಪ್ರಕಾಶ್ ಬಾಡಿಗೆ ಟೆಂಪೊ ಓಡಿಸುತ್ತಾರೆ, ತಾಯಿ ಕೆಂಚಮ್ಮ, ತಂಗಿ ವರ್ಷಿಣಿ. ಅವನು ಫ್ಲೆಕ್ಸ್ ಅಂಗಡಿಯೊಂದರಲ್ಲಿ ಬ್ಯಾನರ್ ಡಿಸೈನ್ ಮಾಡುತ್ತಿದ್ದ. ಯಾವುದೋ ಸಮಾರಂಭಕ್ಕೆ ಬ್ಯಾನರ್ ಕಟ್ಟಲು ಬಂದವನು, ಗೌತಮ್ ಸ್ಪೀಕರ್ ಪರೀಕ್ಷೆಗೆಂದು ಹಾಕಿದ್ದ ರೆಗ್ಗೆ ಹಾಡು ಕೇಳಿ ಏಣಿಯ ಮೇಲೆಯೇ ನಿಂತುಬಿಟ್ಟ. ಆಮೇಲೆ ಇಬ್ಬರೂ ಬಿಡಲಾರದ ಗೆಳೆಯರಾದರು. ಗೌತಮ್ ಹಳೆಯ ಬೇಸ್ ಗಿಟಾರ್ ಕೊಂಡ. ಇನ್ನಿಬ್ಬರು ಹುಡುಗರು ಡ್ರಮ್ಮಿಗೆ, ಗಿಟಾರಿಗೆ ಸೇರಿದರು. ಹಾಡು ಬರೆದು ಹಾಡುತ್ತಿದ್ದವನು ಸ್ವರೂಪ್, ಅದೂ ಕನ್ನಡದಲ್ಲಿ.

ಅವನು ಎಲ್ಲವನ್ನೂ ಮನಸ್ಸಿಟ್ಟು ಮಾಡುವವನು. ಮಾಂಸ ಬಿಟ್ಟ. ಕೂದಲು ಬಿಟ್ಟ. ಕೆಲವು ದಿನ ಬೆಳಗಿನ ಜಾವ ಎದ್ದು ಇಟ್ಟಿಗೆಗೂಡಿನ ರಸ್ತೆಗೆ ಹೋಗಿ, ಮೃಗಾಲಯದ ಗೋಡೆಯಾಚೆಯಿಂದ ಬರುವ ಸಿಂಹದ ಕೂಗಿಗೆ ಕಾಯುತ್ತ ನಿಲ್ಲುತ್ತಿದ್ದ. ರಾಸ್ತಾಗಳಿಗೆ ಸಿಂಹ ದೇವರ ಗುರುತು. ಕೂದಲು ಗಂಟುಗಟ್ಟಿ ಜಡೆಯಾಗಿ ಹೆಗಲಿಗಿಳಿದಾಗ ಶಿವಪ್ರಕಾಶ್ ಮಗನೊಂದಿಗೆ ಮಾತು ಬಿಟ್ಟರು. ಸ್ವರೂಪ್ ಗೌತಮನ ಮನೆಗೆ ಬಂದಾಗ ಅಜ್ಜಿ ಆ ಜಡೆಯನ್ನು ಕೈಯಲ್ಲಿ ಹಿಡಿದು ನೋಡಿದಳು.

"ಯಾವಾಗ ಬಂತಪ್ಪ?"

"ಬರ್ಲಿಲ್ಲ ಅಜ್ಜಿ. ನಾನೇ ಬಿಟ್ಟೆ."

"ಬುಡಕ್ಕಾಗಕ್ಕಿಲ್ಲ ಕಣಪ್ಪ, ಅದು ಬರ್ಬೇಕು," ಎಂದು ಅಜ್ಜಿ ಅದಕ್ಕೆ ಒಂದಿಷ್ಟು ಅರಿಸಿನ ಮುಟ್ಟಿಸಿದಳು. ಅವನು ತಲೆ ಬಾಗಿಸಿ ನಿಂತ.

ಅವರ ಹಾಡುಗಳಲ್ಲಿ ಜನ ಮತ್ತೆ ಮತ್ತೆ ಕೇಳುತ್ತಿದ್ದುದು ಒಂದು. ‘ಬಾಗಿಲಿಲ್ಲದ ಮನೆಗೆ ನೀನೇ ಅಗುಳಿ, ಸೂರಿಲ್ಲದ ತಲೆಗೆ ನೀನೇ ನೆರಳು’ ಎಂದು ಅದರ ಪಲ್ಲವಿ. ಅದಕ್ಕೆ ಮೊದಲು ವಾದ್ಯಗಳೆಲ್ಲ ಒಮ್ಮೆಗೇ ನಿಲ್ಲುತ್ತಿದ್ದವು. ಆ ಮೌನದಲ್ಲಿ ಸ್ವರೂಪ್ ಮೈಕಿಗೆ ಬಾಯಿ ಹತ್ತಿರ ತಂದು ಉಸಿರೆಳೆಯುತ್ತಿದ್ದ. ಅವನದು ಸ್ವಲ್ಪ ಗೊರಗೊರ ಬೆರೆತ, ನಡುವೆ ಒಂದು ಕಡೆ ತಡೆದು ಮುಂದುವರಿಯುವ ಉಸಿರು. ಗೌತಮನ ದೊಡ್ಡ ಬಾಕ್ಸುಗಳಲ್ಲಿ ಅದು ಇಡೀ ಮೈದಾನಕ್ಕೆ ಕೇಳಿಸುತ್ತಿತ್ತು. ಆಮೇಲೆ ಪಲ್ಲವಿ.

ಬುದ್ಧಪೂರ್ಣಿಮೆಯ ದಿನ ಶ್ರೀರಾಂಪುರದ ಆಚೆಗೆ, ಇನ್ನೂ ಮನೆ ಏಳದ ಬಡಾವಣೆಯೊಂದರ ಮೈದಾನದಲ್ಲಿ ಯುವಕರ ಸಂಘದವರು ಸಂಜೆ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಮಧ್ಯಾಹ್ನವೇ ಚೆಲುವರಾಜು ತಮ್ಮ ಸಾಮಾನು ಇಳಿಸಿದರು. ಕಬ್ಬಿಣದ ಕಂಬ ನಿಲ್ಲಿಸಿ ಸ್ಟೇಜು ಕಟ್ಟಿ ಆಗಿತ್ತು. ಹುಡುಗರು ಒಂದು ಸಲ ಹಾಡಿ ನೋಡೋಣವೆಂದು ನಿಂತರು. ಅಷ್ಟರಲ್ಲಿ ಚಾಮುಂಡಿ ಬೆಟ್ಟದ ಬೆನ್ನಿಗೆ ಮೋಡ ಕಪ್ಪಾಗಿ ಬಂತು. ಬೇಸಿಗೆ ಮಳೆಯ ಗಾಳಿ ಎದ್ದು ಬ್ಯಾನರ್ ಪಟಪಟ ಬಡಿಯತೊಡಗಿತು.

"ಸಾಕು ಬನ್ರೋ, ಜನರೇಟರ್ ಆಫ್ ಮಾಡ್ತೀನಿ," ಎಂದು ಚೆಲುವರಾಜು ಕೂಗಿದರು.

"ಇದೊಂದೇ ಒಂದು ಅಣ್ಣಾ. ಕಾಯೋನಿದ್ದಾನೆ, ಹೆದರ್ಕೋಬೇಡಿ," ಎಂದು ಸ್ವರೂಪ್ ಮೈಕಿನಲ್ಲೇ ನಕ್ಕ.

ಚೆಲುವರಾಜು ಬೈದುಕೊಂಡು ಜನರೇಟರ್ ಕಡೆಗೆ ನಡೆದರು. ಡ್ರಮ್ಮಿನ ಹುಡುಗ, ಗಿಟಾರಿನ ಹುಡುಗ ಹನಿ ಬಿದ್ದಿತೆಂದು ಕೆಳಗಿಳಿದು ಟೆಂಪೊ ಒಳಗೆ ಸೇರಿದ್ದರು. ಸ್ಟೇಜಿನ ಮೇಲೆ ಉಳಿದವರು ಇಬ್ಬರೇ. ಗೌತಮ್ ಬೇಸ್ ನುಡಿಸಿ ನಿಲ್ಲಿಸಿದ. ಸ್ವರೂಪ್ ಮೈಕಿಗೆ ಬಾಗಿ ಉಸಿರೆಳೆದ.

ಗೌತಮನಿಗೆ ಅಷ್ಟೇ ನೆನಪು. ಬೆಳಕು ನೋಡಿದ ನೆನಪಿಲ್ಲ, ಸದ್ದು ಕೇಳಿದ ನೆನಪಿಲ್ಲ. ಕಣ್ಣು ಬಿಟ್ಟಾಗ ಅವನು ಸ್ಟೇಜಿನ ಕೆಳಗೆ ಮಣ್ಣಿನಲ್ಲಿದ್ದ, ಮಳೆ ಮುಖದ ಮೇಲೆ ಬೀಳುತ್ತಿತ್ತು, ಎಡಗಿವಿಯಿಂದ ಬಿಸಿಯಾದದ್ದೇನೋ ಇಳಿಯುತ್ತಿತ್ತು. ಚೆಲುವರಾಜು ಬಾಯಿ ತೆರೆದು ಏನೋ ಕೂಗುತ್ತಿದ್ದರು, ಒಂದಕ್ಷರವೂ ಕೇಳುತ್ತಿರಲಿಲ್ಲ. ಸಿಡಿಲು ಸ್ಟೇಜಿನ ಕಂಬಕ್ಕೆ ಬಡಿದಿತ್ತು. ಸ್ವರೂಪ್ ಮೈಕ್ ಸ್ಟ್ಯಾಂಡಿನ ಪಕ್ಕದಲ್ಲಿ ಮಲಗಿದ್ದ. ಜೀವ ಅಲ್ಲೇ ಹೋಗಿತ್ತು.

ಗೌತಮನನ್ನು ದೊಡ್ಡಾಸ್ಪತ್ರೆಗೆ ಸೇರಿಸಿದರು. ಅದೇ ಆಸ್ಪತ್ರೆಯ ಹಿಂದಿನ ಶವಾಗಾರಕ್ಕೆ ಸ್ವರೂಪನನ್ನು ತಂದರು. ಮಾರನೆಯ ಬೆಳಗ್ಗೆ ನಾನು ಮೊಮ್ಮಗನಿಗೆಂದು ಚಲುವಮ್ಮ ಮಾಡಿಟ್ಟ ಗಂಜಿ ತೆಗೆದುಕೊಂಡು ಆಕೆಯೊಡನೆ ಹೋಗಿದ್ದೆ. ವಾರ್ಡಿನ ಕಿಟಕಿಯಿಂದ ಕೆಳಗೆ ಶವಾಗಾರದ ಮುಂದೆ ಸ್ವರೂಪನ ಕಡೆಯ ಜನ ಕಂಡರು. ಅಜ್ಜಿ ಅವರನ್ನು ಕಂಡದ್ದೇ ಮೆಟ್ಟಿಲಿಳಿದು ಹೋದಳು. ನಾನೂ ಹಿಂದೆ ಹೋದೆ.

ಅಲ್ಲಿ ಮಾತು ನಡೆದಿದ್ದುದು ಕೂದಲ ಬಗ್ಗೆ. ಊರಿನ ಹಿರಿಯರು ಈ ಜಟೆಯೊಂದಿಗೆ ಹೆಣ ಊರಿಗೆ ತರುವುದು ಬೇಡ, ಬೋಳಿಸಿಯೇ ಒಯ್ಯೋಣ ಎನ್ನುತ್ತಿದ್ದರು. ಶಿವಪ್ರಕಾಶ್ ತಲೆಯಾಡಿಸಿ ಒಬ್ಬನನ್ನು ಕ್ಷೌರದವನನ್ನು ಕರೆತರಲು ಕಳಿಸಿದ್ದರು. ಕೆಂಚಮ್ಮ ಗೋಡೆಗೊರಗಿ ನೆಲದ ಮೇಲೆ ಕೂತಿದ್ದರು. ಚಲುವಮ್ಮ ಆ ಗುಂಪಿನ ಅಂಚಿಗೆ ಹೋಗಿ ನಿಂತಳು. ಎಲ್ಲಿ ನಿಲ್ಲಬೇಕು ಎಂಬುದು ಆ ಕಾಲದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿಂದಲೇ ಸೆರಗು ಸರಿಸಿ ತನ್ನ ಜಡೆಯನ್ನು ಬಿಚ್ಚಿ ಎದೆಯ ಮೇಲೆ ಹಾಕಿಕೊಂಡಳು.

"ಅದ ಮುಟ್ಬೇಡಿ ಸ್ವಾಮಿ. ಅವ ದೇವ್ರಿಗೆ ಅಂತ ಬುಟ್ಟದ್ದು. ಕೊಟ್ಟದ್ದ ಇಸ್ಕೊಂಡು ಕಳಿಸ್ಬೇಡಿ," ಎಂದಳು.

"ಯಾವ ದೇವ್ರಮ್ಮ? ಯಾವ ದೇವ್ರು?" ಎಂದು ಶಿವಪ್ರಕಾಶ್ ಸಿಟ್ಟಿನಲ್ಲಿ ತಿರುಗಿದರು. "ಹಾಡ್ತಾ ಇದ್ದೋನ ಬಾಯಿಗೇ ಸಿಡ್ಲು ಹಾಕಿದ್ನಲ್ಲ, ಆ ದೇವ್ರಾ?"

ಆಗ ಕೆಂಚಮ್ಮ ಎದ್ದರು. "ಇರ್ಲಿ ಬುಡಿ. ಅವನ ಕೂದ್ಲು ಅವನಿಗಿರ್ಲಿ," ಎಂದರು. ಸ್ವರೂಪನನ್ನು ಜಡೆಯ ಸಮೇತ ಊರಿಗೆ ಒಯ್ದರು.

ಗೌತಮನ ಎಡ ಹೆಗಲಿನಿಂದ ಎದೆಯವರೆಗೆ ಜರಿಗಿಡದ ಎಲೆ ಹಾಸಿದಂತೆ ಕೆಂಪು ಗುರುತು ಎದ್ದಿತ್ತು. ಸಿಡಿಲಿನ ಕರೆಂಟು ಚರ್ಮದ ಮೇಲೆ ಹರಿದರೆ ಹೀಗಾಗುತ್ತದೆ, ತಾನಾಗಿ ಹೋಗುತ್ತದೆ ಎಂದು ಡಾಕ್ಟರು ಹೇಳಿದರು. ಅದು ಬೇಗನೆ ಹೋಯಿತು ಕೂಡ. ಆದರೆ ಅಷ್ಟರಲ್ಲಿ ವಾರ್ಡಿನಲ್ಲಿ ಯಾರೋ ತೆಗೆದ ಫೋಟೋ ಎಲ್ಲರ ಮೊಬೈಲಿಗೂ ಹೋಗಿತ್ತು. ಅದನ್ನು ದೇವರ ಕೈಬರಹ ಎಂದರು. ಶಿವನ ಜಟೆ ಎಂದರು ಕೆಲವರು, ಬೋಧಿವೃಕ್ಷ ಎಂದರು ಕೆಲವರು. ನಾನು ಮೊದಲಿಗೆ ಹೇಳಿದ ಜನ ಬರತೊಡಗಿದ್ದು ಆಗ.

"ನಾನು ಯಾವತ್ತೂ ನಂಬಿರ್ಲಿಲ್ಲ ಶುಭಕ್ಕ," ಎಂದ ಗೌತಮ್, ನಮ್ಮ ಮೆಟ್ಟಿಲ ಮೇಲೆ ಕೂತು. "ನಂಗೆ ಬೇಸ್ ಇಷ್ಟ, ಅಷ್ಟೆ. ನಂಬಿದ್ದೋನು ಅವನು. ಕಾಯೋದಾಗಿದ್ರೆ ಅವನನ್ನ ಕಾಯ್ಬೇಕಿತ್ತು. ಇವ್ರು ಬಂದು ನನ್ ಕಾಲು ಮುಟ್ತಾರೆ."

ನಾನು ಕಾಫಿ ತಂದುಕೊಟ್ಟೆ. ಅವನು ಲೋಟ ಹಿಡಿದುಕೊಂಡು ಕಿವಿ ಮುಚ್ಚಿಕೊಂಡೇ ಇದ್ದ. ಆವತ್ತೇ ಅವನು ಉಸಿರಿನ ವಿಚಾರ ಹೇಳಿದ್ದು.

ಎಡಗಿವಿಯ ಪರದೆ ಹರಿದಿತ್ತು. ಕೆಲವು ಕಾಲ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಇರುತ್ತದೆಂದು ಡಾಕ್ಟರು ಎಚ್ಚರಿಸಿದ್ದರು. ಆ ಸದ್ದು ಇತ್ತು. ಆದರೆ ಕೆಲಸಕ್ಕೆ ಮರಳಿದ ಮೊದಲ ದಿನ, ಕಲ್ಯಾಣಮಂಟಪವೊಂದರಲ್ಲಿ ಮೈಕ್ ಆನ್ ಮಾಡಿದ ಕೂಡಲೇ ಆ ಗುಂಯ್ ನಿಂತುಹೋಯಿತು. ಅದರ ಜಾಗದಲ್ಲಿ ಸ್ವರೂಪನ ಉಸಿರು ಕೇಳಿಸಿತು. ಅದೇ ಗೊರಗೊರ, ನಡುವೆ ಅದೇ ತಡೆ. ಉಸಿರು ಒಳಗೆ ಹೋಯಿತು. ಗೌತಮ್ ಪಲ್ಲವಿಗೆ ಕಾದ. ಪಲ್ಲವಿ ಬರಲಿಲ್ಲ. ಪುರೋಹಿತರು ಮಂತ್ರ ಶುರುಮಾಡಿದರು.

ಅಲ್ಲಿಂದ ಪ್ರತಿ ಸಲವೂ ಹೀಗೇ. ನಾಮಕರಣವಿರಲಿ, ಸಂಘದ ಸಭೆಯಿರಲಿ, ಮೈಕ್ ಜೀವ ತಾಳಿ ಯಾರಾದರೂ ಮಾತಾಡುವುದಕ್ಕೆ ಮುಂಚಿನ ಆ ಚೂರು ಮೌನದಲ್ಲಿ ಹರಿದ ಕಿವಿಗೆ ಉಸಿರು ಬರುತ್ತಿತ್ತು. ಒಳಗೆಳೆದದ್ದೇ ಹೊರತು ಒಮ್ಮೆಯೂ ಬಿಟ್ಟದ್ದಿಲ್ಲ. "ಅವನು ಇನ್ನೂ ಆ ಉಸ್ರು ಹಿಡ್ಕೊಂಡೇ ಇದ್ದಾನೆ ಅಕ್ಕ," ಎಂದ. "ನಾನು ಕಾಯ್ತಾನೇ ಇರ್ತೀನಿ."

ಡಾಕ್ಟರು ಕಿವಿಗೆ ಹೊಸ ಪರದೆ ಹಾಕುವ ಆಪರೇಷನ್ ಮಾಡಿಸಿಕೊಳ್ಳಲು ಹೇಳಿದರು. ಅಜ್ಜಿಯದು ಬೇರೆ ದಾರಿ. "ಅದು ಆ ಮಗಿಂದು ಬಾಕಿ ಉಳ್ದ ಉಸ್ರು. ನಮ್ಮಪ್ಪಾಜಿ ಮಠಕ್ಕೋಗಿ ಕಂಡಾಯದ ಮುಂದೆ ಬುಟ್ಟು ಬರೋವ. ನಿಂಗೂ ನೆಮ್ದಿ, ಅವ್ನಿಗೂ ನೆಮ್ದಿ," ಎಂದಳು. ಕಂಡಾಯವೆಂದರೆ ಸಿದ್ದಪ್ಪಾಜಿಯ ಗುರುತಾಗಿ ಪೂಜೆಗೊಳ್ಳುವ ಲೋಹದ ಲಾಂಛನ. ಸಣ್ಣಮಾದಯ್ಯನವರು ಎಂದೂ ತಾಯಿಯ ಮಾತಿಗೆ ಹೂಂ ಎಂದವರಲ್ಲ. ಈ ಸಲ, ಮಗನ ಮುಖ ನೋಡಿ, ಅದನ್ನೂ ಮಾಡಿ ನೋಡು ಎಂದರು.

ಅದಕ್ಕೆ ಮುಂಚೆಯೇ ಕೆಂಚಮ್ಮ ಬಂದರು. ಮಧ್ಯಾಹ್ನದ ಹೊತ್ತು, ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದಿದ್ದರು. ಎಲ್ಲರಂತೆ ಹೂವು ಹಣ್ಣಿಲ್ಲ, ಖಾಲಿ ಕೈ. ಗೌತಮ್ ಅವರ ದನಿ ಕೇಳಿ ಹಿತ್ತಲಿಂದ ಓಡಿಹೋಗಲಾರದೆ ನಡುಮನೆಗೆ ಬಂದು ನಿಂತ. ಅಜ್ಜಿ ಕೊಟ್ಟ ನೀರನ್ನು ಅವರು ಕುಡಿದರು. ಆಮೇಲೆ ಅವನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು.

"ಇಬ್ರೂ ಒಂದೇ ಕಡೆ ನಿಂತಿದ್ರಿ. ಒಂದೇ ಹಾಡು. ನಿನ್ನ ಕಾದೋನು ಅವನನ್ನ ಯಾಕಪ್ಪ ಕಾಯ್ಲಿಲ್ಲ? ನಿನ್ ಮೇಲೆ ಹೊಟ್ಟೆಕಿಚ್ಚಲ್ಲ ಕಣಪ್ಪ. ಸುಮ್ನೆ ಕೇಳ್ತಾ ಇದ್ದೀನಿ."

ಗೌತಮ್ ಅಳಲು ಶುರುಮಾಡಿದ. ಅಳುತ್ತಲೇ ಉಸಿರಿನ ವಿಚಾರವನ್ನೆಲ್ಲ ಹೇಳಿದ. ಹೇಳಬಾರದಿತ್ತೇನೋ ಎಂದು ನನಗೆ ಈಗಲೂ ಅನಿಸುತ್ತದೆ. ಕೆಂಚಮ್ಮ ಅಳಲಿಲ್ಲ. ಮುಂದಕ್ಕೆ ಬಾಗಿದರು.

"ಹೆಂಗೆ ಎಳೀತಾನೆ? ಮಾಡಿ ತೋರ್ಸು."

ಅವನು ಆಗದೆಂದು ತಲೆಯಾಡಿಸಿದ. ಅವರು ಬಿಡಲಿಲ್ಲ. ಕೊನೆಗೆ ಅವನು ಕಣ್ಣು ಮುಚ್ಚಿ, ತಾನು ಕೇಳುವ ಹಾಗೆಯೇ ಉಸಿರೆಳೆದ. ಗೊರಗೊರ, ಒಂದು ತಡೆ, ಮತ್ತೆ ಮುಂದಕ್ಕೆ. ಕೆಂಚಮ್ಮನ ಕೈ ತಾನಾಗಿ ಮೇಲೆದ್ದು ಅವನ ಬೆನ್ನಿನ ಮೇಲೆ, ಹೆಗಲೆಲುಬಿನ ನಡುವೆ ಬಂದು ಕೂತಿತು.

"ಇದೇ," ಎಂದರು. "ಚಿಕ್ಕೋನಿದ್ದಾಗ ಉಬ್ಬಸ ಅವನಿಗೆ. ಎಲ್ಲಿ ನಿಂತೋಗ್ತದೋ ಅಂತ ಹಿಂಗೇ ಕೈ ಮಡಗಿ ಕೂತಿರ್ತಿದ್ದೆ. ಈ ತಡೆ ಇದ್ಯಲ್ಲ, ಇಲ್ಲಿ ನನ್ ಜೀವ ಹೋಗಿ ಬರೋದು."

ಅಜ್ಜಿ ಮಠದ ಮಾತೆತ್ತಿದಳು. ಕೆಂಚಮ್ಮ ಥಟ್ಟನೆ ಎರಡು ಕೈಯನ್ನೂ ಮುಗಿದರು. "ಬೇಡ ತಾಯಿ. ಬಿಡಿಸ್ಬೇಡಿ. ನಂಗೆ ಅವನ ಫೋಟೋ ಇದೆ, ಹಾಡೂ ಮೊಬೈಲಲ್ಲಿದೆ. ಅವೆಲ್ಲ ಆಗ್ಹೋಗಿದ್ದು. ಇದೊಂದು ಈಗ್ಲೂ ಆಗ್ತಿದೆ. ಇಷ್ಟಾದ್ರೂ ಇರ್ಲಿ."

ಗೌತಮ್ ಮಠಕ್ಕೆ ಹೋಗಲಿಲ್ಲ. ಆಪರೇಷನ್ನೂ ಬೇಡವೆಂದ. ಮಳೆಗಾಲ ಪೂರ್ತಿ, ಭಾನುವಾರ ಬಂತೆಂದರೆ ಶ್ರೀರಾಂಪುರಕ್ಕೆ ಹೋಗಿ ಕೆಂಚಮ್ಮನ ಅಡುಗೆಮನೆಯಲ್ಲಿ ಕೂತು, ಆ ವಾರ ಎಲ್ಲೆಲ್ಲಿ ಕೇಳಿಸಿತು ಎಂದು ಹೇಳುತ್ತಿದ್ದ. ಅವರು ಕೇಳಿದರೆ ಮಾಡಿ ತೋರಿಸುತ್ತಿದ್ದ. ಅವರು ಬೆನ್ನಿಗೆ ಕೈಯಿಟ್ಟು ಕಣ್ಣು ಮುಚ್ಚುತ್ತಿದ್ದರು. ಶಿವಪ್ರಕಾಶ್ ಅಷ್ಟು ಹೊತ್ತು ಹೊರಗೆ ಟೆಂಪೊದಲ್ಲಿ ಕೂತಿರುತ್ತಿದ್ದರು. ಒಮ್ಮೆ ವರ್ಷಿಣಿ ಗೇಟಿನವರೆಗೆ ಬಂದಳು. "ಅಣ್ಣ, ಬೇಜಾರು ಮಾಡ್ಕೋಬೇಡಿ. ಅಮ್ಮ ಶನಿವಾರದಿಂದ್ಲೇ ಅನ್ನ ಮುಟ್ಟಲ್ಲ. ಭಾನುವಾರಕ್ಕೇ ಬದುಕ್ತಿದ್ದಾರೆ. ನಾನೂ ಅವ್ರ ಮಗಳೇ ಅನ್ನೋದು ಮರ್ತೇ ಹೋಗಿದೆ," ಎಂದಳು.

ಆ ಮಾತು ಅವನನ್ನು ಕೊರೆಯಿತು. ಆದರೂ ಹೋಗುವುದನ್ನು ಬಿಡಲಾಗಲಿಲ್ಲ. ಹೋಗದಿದ್ದರೆ ಸ್ವರೂಪನನ್ನು ತಾನೇ ಎರಡನೇ ಸಲ ಸಾಯಿಸಿದ ಹಾಗೆ ಅನಿಸುತ್ತಿತ್ತಂತೆ. ಕಿವಿಯಲ್ಲಿ ಕೀವು ತುಂಬಿತು. ಮುಖ ಬಿಳಿಚಿಕೊಂಡಿತು. ಬೇಸ್ ಗಿಟಾರನ್ನು ಅವನು ಆ ದಿನದಿಂದ ಮುಟ್ಟಿರಲಿಲ್ಲ.

ದಸರೆಯ ಹೊತ್ತಿಗೆ ಮೈಕ್‌ಸೆಟ್ಟಿನವರಿಗೆ ಬಿಡುವಿರುವುದಿಲ್ಲ. ಸಿದ್ಧಾರ್ಥನಗರದ ಮೈದಾನವೊಂದರಲ್ಲಿ ಸ್ಪೀಕರ್ ಕಟ್ಟಲು ಗೌತಮ್ ಏಣಿ ಹತ್ತಿದ್ದ. ಕೆಳಗೆ ಯಾರೋ ಮೈಕ್ ಆನ್ ಮಾಡಿದರು. ಉಸಿರು ಬಂತು. ಪಲ್ಲವಿಗೆ ಕಾಯುತ್ತ ಅವನು ಆ ಕಡೆ ತಲೆ ತಿರುಗಿಸಿದ. ಕೀವುಗಟ್ಟಿದ ಕಿವಿಯ ದೆಸೆಯಿಂದ ಆಯ ತಪ್ಪಿ, ಭೂಮಿ ಆಕಾಶ ಒಂದಾಗಿ ಏಣಿಯಿಂದ ಬಿದ್ದ. ಮುಂಗೈ ಮುರಿಯಿತು. ತಲೆ ಕಲ್ಲಿಗೆ ಬಡಿಯುವುದು ಸ್ವಲ್ಪದರಲ್ಲಿ ತಪ್ಪಿತು.

ಸುದ್ದಿ ತಿಳಿದು ಕೆಂಚಮ್ಮ ಬಂದರು. ಬ್ಯಾಂಡೇಜು ಸುತ್ತಿದ ಕೈಯನ್ನು, ಕಿವಿಗೆ ತುರುಕಿದ ಹತ್ತಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸಣ್ಣಮಾದಯ್ಯನವರ ಕಡೆ ತಿರುಗಿ, "ಆಪರೇಷನ್ ಮಾಡಿಸಿ ಅಣ್ಣಾವ್ರೇ. ಒಂದು ಮಗನ ಉಸ್ರಿಗೋಸ್ಕರ ಇನ್ನೊಂದು ಮಗನ್ನ ಕೊಲ್ತಿದ್ದೆ ನಾನು," ಎಂದರು.

"ಅದು ಹೋಗ್ಬಿಟ್ರೆ ಅಮ್ಮಾ?" ಎಂದ ಗೌತಮ್.

"ಹೋದ್ರೆ ಹೋಗ್ಲಿ. ನೀನಿರು."

ಆಪರೇಷನ್ನಿನ ದಿನ ಅವರೂ ಬಂದು ಹೊರಗಿನ ಬೆಂಚಿನ ಮೇಲೆ ಚಲುವಮ್ಮನ ಪಕ್ಕ ಕೂತರು. ಒಮ್ಮೆ ಅಜ್ಜಿ ಬೂದಿಯ ಪೊಟ್ಟಣ ಬಿಚ್ಚಿ ತನ್ನ ಹಣೆಗೆ ಇಟ್ಟುಕೊಂಡಾಗ, ಕೆಂಚಮ್ಮ ತಮ್ಮ ಹಣೆಯನ್ನೂ ಮುಂದಕ್ಕೆ ಬಾಗಿಸಿದರು. ಅಜ್ಜಿ ಬೆರಳು ಹಿಂತೆಗೆದು, ಒಂದು ಗಳಿಗೆ ತಡೆದು, ಆಮೇಲೆ ಹಚ್ಚಿದಳು.

ಪರದೆ ಚೆನ್ನಾಗಿ ಕೂತಿತು. ಗುಂಯ್ ಸದ್ದು ಹೋಯಿತು. ಮತ್ತೆ ಕೆಲಸಕ್ಕೆ ಹೋದಾಗ ಗೌತಮ್ ಮೈಕ್ ಆನ್ ಮಾಡಿ ಮೈಯೆಲ್ಲ ಕಿವಿಯಾಗಿ ನಿಂತ. ಏನೂ ಇಲ್ಲ. ಫ್ಯಾನಿನ ಸದ್ದು, ಯಾರೋ ಕುರ್ಚಿ ಎಳೆದದ್ದು. ಮತ್ತೊಂದು ಕಡೆ, ಇನ್ನೊಂದು ಕಡೆ, ಎಲ್ಲೂ ಇಲ್ಲ. ನನ್ನ ಮೆಟ್ಟಿಲಿಗೆ ಬಂದು ಕೂತ. "ಎಷ್ಟು ಸುಮ್ನಿದೆ ಅಕ್ಕ," ಎಂದ. ಗೆದ್ದವನ ಮುಖವಾಗಿರಲಿಲ್ಲ ಅದು. ಕೆಂಚಮ್ಮನಿಗೆ ಹೇಗೆ ಹೇಳುವುದೆಂದು ತಿಳಿಯದೆ ಕೆಲವು ಭಾನುವಾರ ತಪ್ಪಿಸಿಕೊಂಡ. ಕೊನೆಗೆ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದ.

ಅವರು ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ನಾನು ಎಣಿಸಿದ ಹಾಗೆ ಸೊರಗಿರಲಿಲ್ಲ. ಪಕ್ಕದಲ್ಲಿ ವರ್ಷಿಣಿ ಓದುತ್ತ ಕೂತಿದ್ದಳು. ನಮಗೆ ಮಣೆ ಹಾಕಿ, ಮೊರವನ್ನು ನನ್ನ ಕಡೆಗೂ ಸರಿಸಿದರು. ಗೌತಮ್ ತಲೆ ತಗ್ಗಿಸಿ ಹೇಳಿದ.

"ಹೋಯ್ತು ಅಮ್ಮಾ. ಈಗ ಕೇಳಲ್ಲ."

"ಗೊತ್ತಪ್ಪ," ಎಂದರು ಕೆಂಚಮ್ಮ. ಕೈ ಕಾಳು ಬಿಡಿಸುತ್ತಲೇ ಇತ್ತು. "ಈಗ ಇಲ್ಲಿ ಕೇಳ್ತದೆ."

ವರ್ಷಿಣಿ ಪುಸ್ತಕದಿಂದ ತಲೆಯೆತ್ತಿ ಅಣ್ಣನ ಗೆಳೆಯನನ್ನು ನೋಡಿದಳು.

"ಎಲ್ಲಿ ಅಮ್ಮಾ?"

"ನಡುಮನೇಲಿ. ಕುಕ್ಕರ್ ಇಳಿಸಿದ್ಮೇಲೆ ಒಂದ್ ಗಳಿಗೆ ಮನೆ ಸುಮ್ನಾಗ್ತದಲ್ಲ, ಆವಾಗ. ನೀನು ಮಾಡಿ ತೋರ್ಸ್ತಿದ್ಯಲ್ಲ, ಅಂಗೇ. ಆದ್ರೆ ನೀನು ತೋರ್ಸಿದ್ರಲ್ಲಿ ಬರೀ ಒಳಗೆ ಎಳ್ಕೋತಿದ್ದ. ಇಲ್ಲಿ ಎಳ್ಕೋತಾನೆ, ಬಿಡ್ತಾನೆ."

"ಹಾಡ್ತಾನಾ?"

"ಇಲ್ಲ. ಉಸಿರಾಡ್ತಾನೆ. ನಂಗೆ ಅಷ್ಟು ಸಾಕು."

ಕುಕ್ಕರ್ ಇಳಿಸಿ ಆಗಿತ್ತು. ಬೀದಿಯಲ್ಲಿ ಸೊಪ್ಪಿನವನು ಕೂಗಿಕೊಂಡು ದಾಟಿಹೋದ. ಆಮೇಲೆ ನಿಜವಾಗಿಯೂ ಮನೆ ಸುಮ್ಮನಾಯಿತು. ಕೆಂಚಮ್ಮನ ಕೈ ನಿಂತಿತು. ಮುಖ ನಡುಮನೆಯ ಬಾಗಿಲ ಕಡೆ ತಿರುಗಿತು. ಜ್ವರ ಇಳಿದ ಮಗುವಿನ ಪಕ್ಕ ಕೂತ ತಾಯಿಯ ಮುಖ. ಗೌತಮ್ ತನ್ನ ಹೊಸ ಕಿವಿಯನ್ನು ಆ ಕಡೆಗೆ ತಿರುಗಿಸಿ ಕೂತ. ನಾನೂ ಉಸಿರು ಬಿಗಿಹಿಡಿದು ಕೇಳಿದೆ. ನನಗೇನೂ ಕೇಳಲಿಲ್ಲ. ಅವನಿಗೂ ಕೇಳಲಿಲ್ಲವೆಂದು ಅವನ ಕಣ್ಣು ಹೇಳಿತು.

ವರ್ಷಿಣಿ ಮಾತ್ರ ಪುಟ ತಿರುವುತ್ತಿದ್ದ ಬೆರಳನ್ನು ಹಾಗೇ ಹಿಡಿದು, ಅಮ್ಮ ಮತ್ತೆ ಕಾಯಿ ಕೈಗೆತ್ತಿಕೊಳ್ಳುವವರೆಗೂ ಕಾದಳು. ಅವಳಿಗೆ ಕೇಳಿಸಿತೋ, ಅಮ್ಮನಿಗಾಗಿ ಸುಮ್ಮನಿದ್ದಳೋ, ನಾನು ಕೇಳಲಿಲ್ಲ.

ಬರುವಾಗ ಶಿವಪ್ರಕಾಶ್ ಟೆಂಪೊ ಒರೆಸುತ್ತಿದ್ದರು. ಗೌತಮನನ್ನು ಕಂಡು ಬಟ್ಟೆ ಕೆಳಗಿಟ್ಟು, "ಆ ಹಾಡು ಮತ್ತೆ ಯಾರಾದ್ರೂ ಹಾಡ್ತಾರೇನಪ್ಪ?" ಎಂದು ಕೇಳಿದರು. ಅವನೊಂದಿಗೆ ಅವರು ಆಡಿದ ಮೊದಲ ಮಾತು ಅದು.

"ನಂಗೆ ಹಾಡೋಕೆ ಬರಲ್ಲ ಅಂಕಲ್," ಎಂದ ಗೌತಮ್. "ಬೇಸ್ ನುಡಿಸ್ತೀನಿ."

"ಅದನ್ನೇ ನುಡ್ಸು," ಎಂದು ಅವರು ಮತ್ತೆ ಬಟ್ಟೆ ಎತ್ತಿಕೊಂಡರು.

ಈಗ ಗೌತಮ್ ಸಂಜೆ ಹೊತ್ತು ಬೇಸ್ ನುಡಿಸುತ್ತಾನೆ. ಬೀದಿಯ ಈ ತುದಿಯವರೆಗೂ ಗೋಡೆ ನಡುಗುತ್ತದೆ. ಕಾಯುವವನೊಬ್ಬ ಇದ್ದಾನೆಯೇ ಎಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತಾನೆ. ಪಲ್ಲವಿಯ ಜಾಗ ಬಂದಾಗ ನಿಲ್ಲಿಸುತ್ತಾನೆ. ಎದುರುಮನೆಯವರು ಕರೆಂಟ್ ಹೋಯಿತೇ ಎಂದು ಹೊರಗೆ ಇಣುಕುತ್ತಾರೆ. ಒಂದು ಗಳಿಗೆ ಬಿಟ್ಟು ಅವನು ಮತ್ತೆ ಶುರುಮಾಡುತ್ತಾನೆ.